ಎಕರ್‌ಲುಂಡನ ಸಹಿ ಹಾಕುತ್ತಿದ್ದ ದೀಸಾ

ಯಾರ ಮನೆಗೆ ಹೋದರೂ ದೀಸಾ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಕಿಟಕಿಯ ಕಟ್ಟೆಯ ಮೇಲಿನ ಗಾಜಿನ ಹೂದಾನಿಯನ್ನೋ ಬಟ್ಟಲನ್ನೋ ಎತ್ತಿ, ಬೋರಲು ಹಾಕಿ, ತಳ ನೋಡುವುದು. ಹೂವಿದ್ದರೆ ಕಿತ್ತು ಪಕ್ಕಕ್ಕಿಟ್ಟು, ನೀರಿದ್ದರೆ ತೊಟ್ಟಿಗೆ ಸುರಿದು. ಕಾಫಿ ತಂದ ಮನೆಯಾಕೆ ತಟ್ಟೆ ಹಿಡಿದು ನಿಂತೇ ಇರಬೇಕು. ಸ್ವೀಡನ್ನಿನ ಆ ಗಾಜಿನೂರು ಗ್ರಾನ್ಸ್‌ಫಾಲ್‌ನಲ್ಲಿ ಅವಳನ್ನು ಕಾಫಿಗೆ ಕರೆದವರು ಮೊದಲು ಹೂದಾನಿಗಳನ್ನು ಬೀರುವಿಗೆ ಸೇರಿಸಿ ಬಾಗಿಲು ತೆರೆಯುತ್ತಿದ್ದರು.

"ಇದು ನಮ್ಮೂರದ್ದಲ್ಲ. ಯಾವನು ಹೇಳಿದ್ದು ನಿಮ್ಮಜ್ಜ ಊದಿದ್ದು ಅಂತ? ನಿಮ್ಮಜ್ಜ ಕುಲುಮೆಗೆ ಕಟ್ಟಿಗೆ ಹಾಕ್ತಿದ್ದ," ಎನ್ನುವಳು. ಹೇಳಿದ್ದು ನಿಜವೇ ಇರುತ್ತಿತ್ತು, ಅದಕ್ಕೇ ಜನರಿಗೆ ಮೈ ಉರಿಯುತ್ತಿತ್ತು. ಊದುವಾಗ ಅಂಟಿಸಿಕೊಂಡ ಕಬ್ಬಿಣದ ಸರಳಿನಿಂದ ಮುರಿದು ಬಿಡಿಸಿದ ಗಾಯ ತಳದಲ್ಲಿ ಹಾಗೇ ಇದೆಯೋ, ಉಜ್ಜಿ ನಯ ಮಾಡಿದ್ದಾರೋ, ಮಾಡಿದ್ದರೆ ಯಾವ ಕಾರ್ಖಾನೆಯ ಚಕ್ರ, ಅಂಚಿನ ಗೀರುಗಳು ಬಳಸಿ ಬಳಸಿ ಬಿದ್ದವೋ ಅಥವಾ ಯಾವನೋ ಮರಳು ಕಾಗದ ತಿಕ್ಕಿ ಹಳತು ಮಾಡಿದ್ದಾನೋ, ಎಲ್ಲ ಅವಳಿಗೆ ತಿಳಿಯುತ್ತಿತ್ತು. ಬಳಕೆಯ ಗೀರು ದಿಕ್ಕಾಪಾಲಾಗಿ ಓಡುತ್ತದೆ, ಮೋಸದ ಗೀರು ಒಂದೇ ಕಡೆಗೆ. ಅಷ್ಟೂ ತಿಳಿಯದವರು ಹಳೆ ಗಾಜು ಕೊಳ್ಳಲು ಬರುತ್ತಾರಲ್ಲ ಎನ್ನುವುದೇ ಅವಳಿಗೆ ಕೋಪ.

ಬೇಸಿಗೆಯ ಭಾನುವಾರಗಳಲ್ಲಿ ಚರ್ಚಿನ ಹಳೆಯ ಕಣಜದಲ್ಲಿ ಹಳೆ ಸಾಮಾನಿನ ಸಂತೆ ಕೂಡುತ್ತಿತ್ತು. ಅಲ್ಲಿ ಒಮ್ಮೆ ಮಾಲ್ಮೋ ಕಡೆಯ ಒಬ್ಬ ಗಾಜುಪ್ರೇಮಿ ಹೂದಾನಿಯ ತಳಕ್ಕೆ ಭೂತಗನ್ನಡಿ ಹಿಡಿದು ತನ್ನ ಹೆಂಡತಿಗೆ ಪಾಠ ಹೇಳುತ್ತಿದ್ದ. "ಈ ಕೆ ಅಕ್ಷರದ ಕಾಲು ನೋಡು. ವಿನ್ಯಾಸಕಾರ ಎಕರ್‌ಲುಂಡ್ ಇದನ್ನ ಮಾಡಿದ ವರ್ಷದಿಂದ ಹೀಗೆ ಉದ್ದ ಎಳೀತಾನೆ. ಆಗ ಅವನ ಮದುವೆ ಮುರಿದಿತ್ತು. ಆ ನೋವು ಕೈಯಲ್ಲಿ ಕಾಣುತ್ತೆ."

ದೀಸಾ ಪಕ್ಕದ ಮೇಜಿನ ಹಳೆ ಪರದೆಗಳನ್ನು ಬಿಟ್ಟು ಬಂದಳು. "ನೋವು ಕೈಯಲ್ಲಲ್ಲ, ದವಡೆಯಲ್ಲಿತ್ತು. ಆ ವರ್ಷ ನನಗೆ ಹಲ್ಲುನೋವು."

"ಏನಂದ್ರಿ?"

"ಆ ಸಹಿ ಹಾಕಿದ್ದು ನಾನು."

ಅವನ ಮುಖ ಇಳಿಯಿತು. "ಅಂದ್ರೆ ಇದು ನಕಲಿನಾ?"

"ನಕಲಿ ಯಾಕಾಗುತ್ತೆ? ಅಸಲಿನೇ. ಕೆಲಸಕ್ಕೆ ಸೇರಿದಾಗಿಂದ ಅವನ ಎಲ್ಲಾ ಅಸಲಿಗೂ ನಾನೇ ಹಾಕಿದ್ದು," ಎಂದು ದೀಸಾ ಪರದೆಗಳ ಕಡೆಗೆ ಹಿಂತಿರುಗಿದಳು. ಮುದುಕಿಗೆ ತಲೆ ಸರಿ ಇಲ್ಲವೆಂದು ಆ ಹೆಂಡತಿ ಗಂಡನಿಗೆ ಸನ್ನೆ ಮಾಡಿದ್ದು ಅವಳಿಗೆ ಕಾಣಿಸದೆ ಇರಲಿಲ್ಲ.

ಗಾಜಿನ ಕಾರ್ಖಾನೆಯ ಸಹಿ ಕೋಣೆಗೆ ಅವಳು ಸೇರಿದ್ದು ಶಾಲೆ ಬಿಟ್ಟ ಬೇಸಿಗೆಯಲ್ಲಿ. ಊದುವವರು, ಹಿಡಿಯುವವರು, ಉಜ್ಜುವವರು ಎಲ್ಲರ ಕೈ ದಾಟಿ ಬಟ್ಟಲು ಕೊನೆಗೆ ಈ ಕೋಣೆಗೆ ಬರುತ್ತಿತ್ತು. ಇಲ್ಲಿ ಹುಡುಗಿಯರು ತಳದಲ್ಲಿ ವಿನ್ಯಾಸಕಾರನ ಹೆಸರು ಕೊರೆಯಬೇಕು. ವಿನ್ಯಾಸಕಾರ ತೂರ್‌ಸ್ಟೆನ್ ಎಕರ್‌ಲುಂಡ್ ಸ್ಟಾಕ್‌ಹೋಮ್‌ನವನು. ತಿಳಿ ಬಣ್ಣದ ಕೋಟು ತೊಟ್ಟು ವರ್ಷಕ್ಕೊಂದೆರಡು ಸಲ ಬಂದು, ಕುಲುಮೆಯ ಹತ್ತಿರ ಹೋದರೆ ಬೆವರುತ್ತದೆಂದು ದೂರವೇ ನಿಂತು, ಹೋಗುತ್ತಿದ್ದ. ಒಂದು ಸಲ ಕಾಗದದ ಚೂರಿನ ಮೇಲೆ ತನ್ನ ಹೆಸರು ಗೀಚಿ ಕೊಟ್ಟಿದ್ದ. ಕೋಳಿ ಕೆರೆದಂತಿದ್ದ ಆ ಗೀಚನ್ನು ತಿದ್ದಿ, ನೆಟ್ಟಗೆ ಮಾಡಿ, ಕೊನೆಯ ಅಕ್ಷರಕ್ಕೊಂದು ಬಾಲ ಎಳೆದು, ನೋಡುವಂತೆ ಮಾಡಿದವಳು ದೀಸಾ. ಮುಂದಿನ ಸಲ ಬಂದಾಗ ಅವನೂ ಅದನ್ನೇ ಕಲಿತುಕೊಂಡು ಹಾಕತೊಡಗಿದ. ಅದೂ ಸರಿಯಾಗಿ ಬರುತ್ತಿರಲಿಲ್ಲ.

ಕೊರೆಯುವ ಯಂತ್ರದಲ್ಲಿ ಲೇಖನಿ ಇರುವುದಿಲ್ಲ. ತಾಮ್ರದ ಪುಟ್ಟ ಬಿಲ್ಲೆಯೊಂದು ಇದ್ದಲ್ಲೇ ಗಿರ್ರೆಂದು ತಿರುಗುತ್ತದೆ. ಅದಕ್ಕೆ ಎಣ್ಣೆ ಕಲಸಿದ ಸಾಣೆ ಪುಡಿ ಹಚ್ಚಿ, ಗಾಜನ್ನೇ ಎತ್ತಿ ಅದರ ಕೆಳಗೆ ಆಡಿಸಬೇಕು. ಬರೆದದ್ದು ಬೂದು ಕೆಸರಿನಲ್ಲಿ ಮುಚ್ಚಿಹೋಗಿರುತ್ತದೆ, ಒರೆಸಿದ ಮೇಲೇ ಕಾಣುವುದು. ಹಾಗಾಗಿ ಕಣ್ಣನ್ನು ನಂಬಿದವರಿಗೆ ಅದು ಒಲಿಯುವುದಿಲ್ಲ. ದೀಸಾ ಪಕ್ಕದ ಬೆಂಚಿನ ಬೇರಿತ್ ಜೊತೆ ಜಗಳವಾಡುತ್ತ, ಮೇಸ್ತ್ರಿಗೆ ಬಯ್ಯುತ್ತ, ಅವರಿವರ ಮದುವೆ ಮುರಿದದ್ದಕ್ಕೆ ಉಪ್ಪು ಖಾರ ಹಚ್ಚುತ್ತ ದಿನವಿಡೀ ಸಹಿ ಹಾಕುತ್ತಿದ್ದಳು. ಬಾಯಿ ಒಂದು ಕಡೆ, ಕೈ ಒಂದು ಕಡೆ. ಕಾರ್ಖಾನೆ ಮುಚ್ಚುವ ತನಕ ಅವಳು ಹಾಗೇ ಬದುಕಿದಳು.

ಅವಳ ಅಣ್ಣ ಹೋಲ್ಗರ್ ಅದೇ ಕಾರ್ಖಾನೆಯಲ್ಲಿ ಊದುವ ತಂಡದ ಯಜಮಾನನಾಗಿದ್ದ. ಅಗಲ ಎದೆಯ, ಮಾತು ಕಡಿಮೆಯ ಮನುಷ್ಯ. ಊಟದ ಬಿಡುವಿನಲ್ಲಿ, ಕುಲುಮೆಯ ಮಡಕೆಯಲ್ಲಿ ಕರಗಿ ಉಳಿದ ಗಾಜಿನಿಂದ ಗಂಡಸರು ತಮಗಾಗಿ ಏನಾದರೂ ಊದಿಕೊಳ್ಳುತ್ತಿದ್ದರು. ಹಂಸ, ಹಂದಿಮರಿ, ಹೆಂಡತಿಗೊಂದು ಸಕ್ಕರೆ ಬಟ್ಟಲು. ಮೇಸ್ತ್ರಿ ಕಂಡೂ ಕಾಣದಂತಿರುತ್ತಿದ್ದ. ಆದರೆ ಬಿಡುವಿನ ಗಾಜಿಗೆ ಹೆಸರು ಹಾಕಬಾರದು. ಕಂಪನಿಯ ಹೆಸರು ಇಲ್ಲ, ತನ್ನ ಹೆಸರಂತೂ ಇಲ್ಲವೇ ಇಲ್ಲ. ಯಾರೂ ಬರೆದಿಟ್ಟ ಕಟ್ಟಳೆಯಲ್ಲ ಅದು. ಹಿಂದೆ ಒಬ್ಬ ತಾನು ಮಾಡಿದ ಹೂಜಿಯ ಮೇಲೆ ತನ್ನ ಹೆಸರು ಬರೆಸಿಕೊಂಡಿದ್ದ, ಸಾಯುವ ತನಕ ಊರು ಅವನನ್ನು 'ಪ್ರೊಫೆಸರ್' ಎಂದು ಆಡಿಕೊಂಡಿತು.

ಅಂಥ ಒಂದು ಬಿಡುವಿನಲ್ಲಿ ಹೋಲ್ಗರ್ ತಾಯಿಯ ಹಣಿಗೆಯನ್ನು ಮನೆಯಿಂದ ತಂದ. ಅಗಸೆ ನಾರು ಬಾಚುವ, ಸಾಲುಸಾಲು ಕಬ್ಬಿಣದ ಮೊಳೆಗಳ ಹಣಿಗೆ. ಹೊಗೆ ಬಣ್ಣದ ಕಾದ ಗಾಜನ್ನು ಅದರ ಮೇಲೆ ಒತ್ತಿ ಹೊರಳಿಸಿದ. ಗಾಜಿನ ತುಂಬ ತೂತು ಬಿತ್ತು. ತೂತುಗಳ ಮೇಲೆ ತಿಳಿ ಗಾಜಿನ ಇನ್ನೊಂದು ಪದರ ಹೊದಿಸಿ ತಿರುಚಿದಾಗ ಒಂದೊಂದು ತೂತಿನಲ್ಲೂ ಗಾಳಿ ಸಿಕ್ಕಿಕೊಂಡು, ಬಟ್ಟಲಿನ ಗೋಡೆಯೊಳಗೆ ಹನಿಗಳ ಸಾಲು ಓರೆಯಾಗಿ ಸುತ್ತಿ ಹತ್ತಿತು. ಹಣಿಗೆಯ ಒಂದು ಮೊಳೆ ಮುರಿದಿದ್ದರಿಂದ ಸಾಲಿನ ನಡುನಡುವೆ ಒಂದು ಹನಿಯ ಜಾಗ ಖಾಲಿ ಉಳಿಯಿತು. ಹಾಗೆ ಮಾಡಬಹುದೆಂದು ಆ ಸೀಮೆಯಲ್ಲಿ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಎಕರ್‌ಲುಂಡ್ ಆ ವಾರ ಊರಿನಲ್ಲಿದ್ದ. ಬಟ್ಟಲನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಹಣಿಗೆಯನ್ನೂ ಕೇಳಿ ನೋಡಿದ, ವಾಪಸು ಕೊಡಲಿಲ್ಲ. ಮುಂದಿನ ವಸಂತಕ್ಕೆ ಕಂಪನಿಯ ಹೊಸ ಮಾಲು ಬಂತು, ಹೆಸರು 'ಇಬ್ಬನಿ', ವಿನ್ಯಾಸ ತೂರ್‌ಸ್ಟೆನ್ ಎಕರ್‌ಲುಂಡ್. ಕಂಪನಿ ಎಲ್ಲ ಮೊಳೆಯೂ ಇರುವ ಹೊಸ ಹಣಿಗೆ ಮಾಡಿಸಿ ಹಳೆಯದನ್ನು ಗುಜರಿಗೆ ಹಾಕಿತ್ತು. ಊದುವ ಕೆಲಸ ಹೋಲ್ಗರ್‌ನ ತಂಡಕ್ಕೇ ಬಂತು. ಮೊದಲ ಬಟ್ಟಲು ಸಹಿಗೆ ಬಂದಾಗ ದೀಸಾ ಅದನ್ನು ಹಿಡಿದು ನೇರ ಕುಲುಮೆಗೆ ನಡೆದಳು.

"ಇದು ನಿಂದು. ನಾನು ಇದಕ್ಕೆ ಅವನ ಹೆಸರು ಹಾಕಲ್ಲ."

"ಹಾಕು. ಎಲ್ಲರೂ ನೋಡ್ತಿದಾರೆ," ಎಂದ ಹೋಲ್ಗರ್.

"ನೋಡ್ಲಿ. ಕಳ್ಳನ ಕೋಟು ಹಿಡಿದು ನಾನೇ ಕೇಳ್ತೀನಿ."

"ತಂಡದಲ್ಲಿ ಎಲ್ಲರಿಗೂ ಚಳಿಗಾಲದ ತನಕ ಕೆಲಸ ಸಿಕ್ತು. ಬಿಡು ಪುಟ್ಟಿ. ಹನಿಗೆ ಯಾವನಾದ್ರೂ ಯಜಮಾನ ಇರ್ತಾನಾ?" ಎಂದು ಅವನು ಊದುವ ಕೊಳವೆ ಎತ್ತಿಕೊಂಡ. ದೀಸಾ ವಾಪಸು ಹೋಗಿ ಹಲ್ಲು ಕಚ್ಚಿ ಹೆಸರು ಹಾಕಿದಳು. ಅದರ ಮೇಲೆ ಇನ್ನೊಂದಕ್ಕೆ, ಮತ್ತೊಂದಕ್ಕೆ. ಅವಳನ್ನು ಸಮಾಧಾನ ಮಾಡಲು ಹೋಲ್ಗರ್ ಬಿಡುವಿನಲ್ಲಿ ತಾನು ಊದಿದ್ದ ಆ ಬಟ್ಟಲನ್ನು, ಹನಿಯ ಜಾಗ ಖಾಲಿ ಇದ್ದದ್ದನ್ನು, ಅವಳಿಗೇ ಕೊಟ್ಟ. ಹೆಸರಿಲ್ಲದೆ ತಳ ಬೋಳಾಗಿತ್ತು. ದೀಸಾ ಅದರಲ್ಲಿ ಬೀಗದ ಕೈ ಹಾಕಿಡುತ್ತಿದ್ದಳು, ಬಾಗಿಲು ದಾಟುವಾಗೊಮ್ಮೆ ನೋಡಿ ಎಕರ್‌ಲುಂಡನಿಗೆ ಶಾಪ ಹಾಕುತ್ತಿದ್ದಳು.

ವರ್ಷಗಳು ಹೋದವು. ಎಕರ್‌ಲುಂಡ್ ಸತ್ತ, ಕಾರ್ಖಾನೆ ಮುಚ್ಚಿತು, ಅದರ ಅರ್ಧ ಭಾಗ ವಸ್ತುಸಂಗ್ರಹಾಲಯವಾಯಿತು. ಗಾಜಿನ ಧೂಳು ಕುಡಿದ ಹೋಲ್ಗರ್‌ನ ಶ್ವಾಸಕೋಶ ಕೈಕೊಟ್ಟಿತು. ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ವೃದ್ಧರ ಆರೈಕೆ ಮನೆಯಲ್ಲಿ ಕುಳಿತ. ಒಂದು ಮಧ್ಯಾಹ್ನ ದೀಸಾ ದಾಲ್ಚಿನ್ನಿ ಬನ್ನು ಹಿಡಿದು ನೋಡಲು ಹೋದಾಗ ಅವನೇ ಮಾತು ತೆಗೆದ.

"ಮೋವಾ ಬಂದಿದ್ಲು," ಎಂದ. ಮೋವಾ ಅವನ ಮೊಮ್ಮಗಳು. "ಶಾಲೆಯಲ್ಲಿ ಕೇಳಿದ್ರಂತೆ, ನಿಮ್ಮಜ್ಜ ಏನ್ ಮಾಡ್ತಿದ್ರು ಅಂತ. ಎಕರ್‌ಲುಂಡಂದು ಊದ್ತಿದ್ದೆ ಅಂದೆ."

ದೀಸಾ ಬನ್ನು ಮುರಿದಳು.

"ನಿಂದು ಯಾವ್ದಜ್ಜ ಅಂದ್ಲು," ಹೋಲ್ಗರ್ ಉಸಿರು ಹಿಡಿದು ಮುಂದುವರಿಸಿದ. "ನನ್ನ ಹೆಸರಿರೋದು ಒಂದಾದ್ರೂ ಇದ್ದಿದ್ರೆ ತೋರಿಸ್ಬೋದಿತ್ತು."

ಇಷ್ಟು ವರ್ಷ ಬಿಡು ಬಿಡು ಎಂದವನ ಬಾಯಲ್ಲೇ ಆ ಮಾತು ಬಂತು. ಮೊದಲೇ ಬಾಯಿ ಬಿಟ್ಟಿದ್ದರೆ ಬೇರಿತ್ ಇದ್ದಳು, ತಂಡದ ಗಂಡಸರು ಇದ್ದರು, ಸಾಕ್ಷಿ ಹೇಳುತ್ತಿದ್ದರು. ಈಗ ಎಲ್ಲ ಚರ್ಚಿನ ಹಿಂದೆ ಮಲಗಿದ್ದಾರೆ. ವೈದ್ಯರು ಕ್ರಿಸ್‌ಮಸ್ ದಾಟುವುದು ಕಷ್ಟ ಎಂದಿದ್ದರು. ಅದರೊಳಗೆ ಆ ಬಟ್ಟಲು ಹೋಲ್ಗರ್‌ನದೆಂದು ನಾಲ್ಕು ಜನರ ಮುಂದೆ ಆಗಬೇಕು, ಮೋವಾ ನೋಡಬೇಕು. ಅದು ಬಿಟ್ಟು ಆ ಶರತ್ಕಾಲದಲ್ಲಿ ದೀಸಾಗೆ ಬೇರೇನೂ ಬೇಕಿರಲಿಲ್ಲ.

ಅಷ್ಟರಲ್ಲಿ ಸಂಗ್ರಹಾಲಯದ ತೂವಾ ಎಂಬ ಹುಡುಗಿ ಎಕರ್‌ಲುಂಡನ ನೂರನೇ ಹುಟ್ಟುಹಬ್ಬದ ಪ್ರದರ್ಶನಕ್ಕೆ ಸಿದ್ಧತೆ ಮಾಡುತ್ತಿದ್ದಳು. ಒಳ್ಳೆಯ ಹುಡುಗಿ. ಸಹಿ ಇಲ್ಲದ ಸಾಮಾನು ಗುರುತಿಸಲು ದೀಸಾಳನ್ನೇ ಕರೆಯುತ್ತಿದ್ದಳು, ಹೇಳಿದ್ದನ್ನು ನಂಬುತ್ತಿದ್ದಳು. ದೀಸಾ ಬಟ್ಟಲನ್ನು ಒಯ್ದು ಅವಳ ಮೇಜಿನ ಮೇಲಿಟ್ಟು ಕಥೆಯೆಲ್ಲ ಹೇಳಿದಳು.

ತೂವಾ ಕೈಗವಸು ಹಾಕಿಕೊಂಡು ತಿರುಗಿಸಿ ನೋಡಿದಳು. "ಇಬ್ಬನಿ. ಸಹಿ ಇಲ್ಲ. ಸಾಲಲ್ಲಿ ಹನಿ ತಪ್ಪಿದೆ. ಎಕರ್‌ಲುಂಡ್ ಮೇಲಿನ ಪುಸ್ತಕದ ಪ್ರಕಾರ ಇದು ದೋಷ ಇದ್ದದ್ದು ಅಂತ ಪಕ್ಕಕ್ಕಿಟ್ಟ ಮಾಲು. ಸಹಿ ಹಾಕದೆ ನೌಕರರಿಗೆ ಮಾರಿರ್ತಾರೆ."

"ಹನಿ ತಪ್ಪಿದ್ದು ನಮ್ಮಮ್ಮನ ಹಣಿಗೆಯಲ್ಲಿ ಮೊಳೆ ಮುರಿದದ್ದಕ್ಕೆ ಅಂತ ಈಗ ತಾನೇ ಬಾಯಿ ನೋಯುವಷ್ಟು ಹೇಳಿದೆನಲ್ಲ."

"ನಾನು ನಂಬ್ತೀನಿ ದೀಸಾ. ಆದ್ರೆ ಹಣಿಗೆ ಇಲ್ಲ. ಹೋಲ್ಗರ್‌ನ ಕೇಳಿದೆ, 'ಆಗ ಎಲ್ಲರೂ ಏನೇನೋ ಮಾಡ್ತಿದ್ವಿ' ಅಂದ್ರು. ಉಳಿದ ಇಬ್ಬನಿಗಳ ಮೇಲೆಲ್ಲ ಎಕರ್‌ಲುಂಡ್ ಸಹಿ ಇದೆ."

"ಅದು ನನ್ನ ಸಹಿ."

"ಹೌದು. ಅದಕ್ಕೇ ಅದು ಅಸಲಿ ಅಂತ ನಮಗೆ ಗೊತ್ತಾಗೋದು."

ದೀಸಾಗೆ ಮೇಜು ಮಗುಚಬೇಕೆನ್ನಿಸಿತು. ಹುಡುಗಿ ಹೇಳಿದ್ದರಲ್ಲಿ ಒಂದು ಸುಳ್ಳಿರಲಿಲ್ಲ, ಹಿಡಿದು ಜಗ್ಗಲು ಒಂದು ಎಳೆ ಇರಲಿಲ್ಲ. ತೂವಾ ಪಾಪ, ಬಟ್ಟಲನ್ನು ಒಂದು ಮೂಲೆಯಲ್ಲಿಟ್ಟು 'ಕುಟುಂಬದವರ ಹೇಳಿಕೆಯಂತೆ' ಎಂದು ಚೀಟಿ ಹಚ್ಚಬಹುದು ಎಂದಳು.

"ಹೇಳಿಕೆ," ಎಂದಳು ದೀಸಾ. "ಅವನದು ವಿನ್ಯಾಸ, ನಮ್ಮದು ಹೇಳಿಕೆ. ಅವನ ಗೋರಿ ಮೇಲೆ ಹಚ್ಚಿಕೋ ಆ ಚೀಟಿನ." ಬಟ್ಟಲನ್ನು ಶಾಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

ಆ ರಾತ್ರಿ ಸಿಟ್ಟಿನಲ್ಲೇ ಅವಳಿಗೆ ದಾರಿ ಹೊಳೆಯಿತು. ತಳ ಬೋಳಾಗಿರುವ ತನಕ ಗಾಜು ಕಂಡವರ ಪಾಲು. ಸರಿ, ಹೆಸರು ಹಾಕಿಬಿಡುವುದು. ಹೋಲ್ಗರ್ ಓಸ್‌ಬ್ರಿಂಕ್ ಎಂದು, ದಪ್ಪಗೆ, ಎಲ್ಲರ ಎದುರಿಗೆ, ಅವನ ಮುಂದೆಯೇ. ಪುಸ್ತಕ ಬರೆದವರು ಒಪ್ಪಲಿ ಬಿಡಲಿ, ಮೋವಾ ಓದಿದರೆ ಸಾಕು. ಪ್ರದರ್ಶನದ ದಿನ ಸಹಿ ಹಾಕುವುದನ್ನು ಜನರಿಗೆ ತೋರಿಸಬೇಕೆಂದು ತೂವಾ ಮೊದಲೇ ಕೇಳಿದ್ದಳು. ದೀಸಾ ಬೆಳಿಗ್ಗೆ ಫೋನು ಮಾಡಿ ಬರುತ್ತೇನೆಂದಳು. ತೂವಾ ಸಂತೋಷಪಟ್ಟಳು.

ಪ್ರದರ್ಶನದ ದಿನ ಹಳೆಯ ಕುಲುಮೆಯೊಂದಕ್ಕೆ ಬೆಂಕಿ ಹಾಕಿ, ಅದರ ಕಾವಿನಲ್ಲಿ ಹೆರಿಂಗ್ ಮೀನೂ ಆಲೂಗಡ್ಡೆಯೂ ಬೇಯಿಸಿದ್ದರು. ಸ್ಟಾಕ್‌ಹೋಮ್‌ನಿಂದ ಬಂದವರು ಮೀನು ತಿಂದು, ಎಕರ್‌ಲುಂಡನ ಪ್ರತಿಭೆಯ ಬಗ್ಗೆ ಭಾಷಣ ಕೇಳಿ, ಗುಂಪಾಗಿ ಸಹಿ ಕೋಣೆಗೆ ಬಂದರು. ಮೋವಾ ಅಜ್ಜನ ಗಾಲಿಕುರ್ಚಿಯನ್ನು ಬೆಂಚಿನ ಪಕ್ಕಕ್ಕೇ ತಂದು ನಿಲ್ಲಿಸಿದಳು. ದೀಸಾ ಅಭ್ಯಾಸಕ್ಕೆಂದು ಇಟ್ಟ ಲೋಟಗಳನ್ನು ಪಕ್ಕಕ್ಕೆ ತಳ್ಳಿ, ಚೀಲದಿಂದ ಬಟ್ಟಲು ತೆಗೆದಳು, ಮೋಟಾರು ಹಾಕಿದಳು, ಬಿಲ್ಲೆಗೆ ಪುಡಿ ಹಚ್ಚಿದಳು.

"ದೀಸಾ, ಅದಕ್ಕೆ ಬೇಡ," ತೂವಾ ಮುಂದೆ ಬಂದಳು. "ಹಳೆ ಗಾಜಿಗೆ ಹೊಸದಾಗಿ ಬರೆದ್ರೆ ಅದು ಸಾಕ್ಷಿ ಆಗಲ್ಲ. ಇರೋದೂ ಹಾಳಾಗುತ್ತೆ."

"ಸಾಕ್ಷಿ ಯಾರಿಗೆ ಬೇಕು? ನಂಗೆ ಹೆಸರು ಬೇಕು." ದೀಸಾ ಬಟ್ಟಲನ್ನು ಎತ್ತಿ ಬಿಲ್ಲೆಗೆ ಕೊಟ್ಟಳು. ಕಿರ್ರೆಂಬ ಸದ್ದು ಶುರುವಾಯಿತು. "ನಾನು ಹಾಕಿದ್ರೆ ಸಾಕ್ಷಿ ಅಲ್ವಂತೆ. ಅವನಿಗೆ ಹಾಕಿದಾಗ ಹೇಗೆ ಸಾಕ್ಷಿ ಆಯ್ತು? ಆಗಲೂ ಇದೇ ಕೈ, ಇದೇ ಬಿಲ್ಲೆ."

"ನಾನು ಹಾಗಲ್ಲ ಹೇಳಿದ್ದು."

"ನೀನು ಹೇಗೆ ಹೇಳಿದ್ರೂ ಅಷ್ಟೇ, ಮಗಳೇ. ಅಲ್ಲಿ ಗೋಡೆ ಮೇಲೆ ಅವನ ಫೋಟೋ ಹಾಕಿದೀರಲ್ಲ, ಕೈಯಲ್ಲಿ ಕೊಳವೆ ಹಿಡ್ಕೊಂಡಿದಾನಲ್ಲ, ಅದನ್ನ ಬಾಯಿಗೆ ಇಟ್ಟಿದ್ನಾ ಒಂದಿನ? ಕುಲುಮೆ ಹತ್ರ ಬಂದ್ರೆ ಕೋಟು ಕರಗುತ್ತೆ ಅಂತ ಅಲ್ಲಿ ಆ ಬಾಗಿಲಲ್ಲಿ ನಿಲ್ತಿದ್ದ. ಗಾಜು ಕುಡಿದು ಕುಡಿದು ಎದೆ ಸುಟ್ಟುಕೊಂಡೋನು ಇಲ್ಲಿ ಕೂತಿದಾನೆ. ಇವನಿಗೆ ಹೇಳಿಕೆ, ಅವನಿಗೆ ಹುಟ್ಟುಹಬ್ಬ. ಮೀನು ಬೇರೆ ಬೇಯ್ಸಿದೀರಿ." ದೀಸಾ ತೂವಾಳ ಮುಖದಿಂದ ಕಣ್ಣು ಕೀಳದೆ ಬಯ್ಯುತ್ತಲೇ ಇದ್ದಳು, ಎಷ್ಟೋ ವರ್ಷಗಳ ಬಯ್ಗುಳ ಬಾಯಿಗೆ ಬಂದಂತೆ ಹೊರಬರುತ್ತಿತ್ತು. ಬಟ್ಟಲು ಅವಳ ಬೆರಳುಗಳಲ್ಲಿ ಬಿಲ್ಲೆಯ ಕೆಳಗೆ ಹಗುರಾಗಿ ಓಲಾಡಿ, ತಿರುಗಿ, ಕೊನೆಗೊಮ್ಮೆ ಉದ್ದಕ್ಕೆ ಜಾರಿ ನಿಂತಿತು. ಕೈಗೆ ಕೆಲಸ ಮುಗಿದದ್ದು ತಾನಾಗಿ ಗೊತ್ತಾಯಿತು.

"ಈಗ ಓದಿ," ಎಂದು ಅವಳು ಚಿಂದಿಯಿಂದ ಬೂದು ಕೆಸರನ್ನು ಒರೆಸಿದಳು.

ಟಿ. ಎಕರ್‌ಲುಂಡ್, ಗ್ರಾನ್ಸ್‌ಫಾಲ್. ಕೊನೆಯ ಅಕ್ಷರಕ್ಕೆ ಎಳೆದ ಬಾಲ ಸಮೇತ.

ದೀಸಾ ಮತ್ತೊಮ್ಮೆ ಒರೆಸಿದಳು. ಒರೆಸಿದಷ್ಟೂ ಹೆಸರು ನಿಚ್ಚಳವಾಯಿತು. ಆಗಷ್ಟೇ ಒಳಗೆ ಬಂದು ಹಿಂದೆ ನಿಂತಿದ್ದ ಗಿಡ್ಡ ಮನುಷ್ಯನೊಬ್ಬ ಕನ್ನಡಕ ಹಣೆಗೇರಿಸಿ ಬಗ್ಗಿದ. "ಹನಿ ತಪ್ಪಿರೋ ಸಾಲು, ಅದರ ಮೇಲೆ ಅಪ್ಪಟ ಸಹಿ," ಎಂದ ಮೆಲ್ಲಗೆ, ಪಕ್ಕದವಳಿಗೆ. "ಅವನ ಮೊದಲ ಮಾದರಿಯೇ ಇದು." ತೂವಾ ಅವನ ಕಡೆ ನೋಡಿದಳು, ದೀಸಾಳ ಕಡೆ ನೋಡಿದಳು.

ಬಾಯಿ ಬಯ್ಯುತ್ತಿದ್ದಾಗ ರೂಢಿಯಂತೆ ತಾನೇ ಓಡಿದ ಆ ಕೈಯನ್ನು ಅದೇ ಬಿಲ್ಲೆಗೆ ಕೊಡಬೇಕೆಂದು ದೀಸಾಗೆ ಅನ್ನಿಸಿತು. ಎಕರ್‌ಲುಂಡ್ ಕದ್ದದ್ದಕ್ಕಿಂತ ಹೆಚ್ಚಿನದನ್ನು ಈಗ ತಾನೇ ತೆಗೆದು ಅವನಿಗೆ ಕೊಟ್ಟಿದ್ದಳು, ಯಾರೂ ಕೇಳದೆ, ಅಣ್ಣನ ಕಣ್ಣೆದುರಿಗೆ. ಮೋಟಾರು ಸುಮ್ಮನೆ ತಿರುಗುತ್ತಿತ್ತು.

"ಕೊಡಿಲ್ಲಿ," ಎಂದ ಹೋಲ್ಗರ್.

ಅವಳು ಕೊಟ್ಟಳು. ಅವನು ಬಟ್ಟಲನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡು, ಉಳಿದ ಎಣ್ಣೆಯನ್ನು ಸ್ವೆಟರಿನ ತೋಳಿನಿಂದ ಒರೆಸಿ, ಹೆಬ್ಬೆರಳನ್ನು ಅಕ್ಷರಗಳ ಮೇಲೆ ನಿಧಾನವಾಗಿ ಆಡಿಸಿದ. ಕೊಳವೆಯ ಉಸಿರು ಒಂದೆರಡು ಸಲ ಬುಸುಗುಟ್ಟಿತು. ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದ.

"ನೋಡಿಲ್ಲಿ ಮೋವಾ," ಎಂದ, ಹೆಮ್ಮೆಯಿಂದ. "ಇದು ನಮ್ಮ ದೀಸಾ ಬರೆದದ್ದು. ಈ ವಯಸ್ಸಲ್ಲೂ ಕೈ ಒಂಚೂರು ನಡುಗಿಲ್ಲ."